ಗಂಗಲಕ್ಷ್ಮಮ್ಮನವರು ಮುಟ್ಟಬೇಕಾದ ಗೆಜ್ಜೆ

ಹೋದ ಡಿಸೆಂಬರಿನಲ್ಲಿ ಭುವನಾ ಜರ್ಮನಿಯಿಂದ ಊರಿಗೆ ಬಂದವಳು ನೇರವಾಗಿ ನಮ್ಮ ಮನೆಗೆ ಬಂದಳು. ಕೈಯಲ್ಲಿದ್ದ ಚೀಲದ ತುಂಬ ಹೊಸ ಗೆಜ್ಜೆಗಳು.

"ಸಾರ್, ತಾರಮಂಗಲಕ್ಕೆ ನೀವೂ ಬನ್ನಿ. ಒಬ್ಳೇ ಓಗೋಕೆ ಭಯ ಆಯ್ತೈತೆ," ಎಂದಳು.

ಮೊರಪ್ಪೂರಿನ ಶಾಲೆಯಲ್ಲಿ ಅವಳು ನನ್ನ ವಿದ್ಯಾರ್ಥಿನಿ. ಅವಳ ತಂದೆ ಎಲ್ಲಪ್ಪ ಸ್ಟೇಷನ್ನಿನ ಬಳಿ ಟೀ ಅಂಗಡಿ ಇಟ್ಟಿದ್ದ. ಶನಿವಾರ ಬಂದರೆ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ, ಮಗಳನ್ನು ರೈಲಿನಲ್ಲಿ ಸೇಲಂಗೆ, ಅಲ್ಲಿಂದ ಬಸ್ಸಿನಲ್ಲಿ ತಾರಮಂಗಲಕ್ಕೆ ಕರೆದೊಯ್ಯುತ್ತಿದ್ದ. ಅಲ್ಲಿ ಗಂಗಲಕ್ಷ್ಮಮ್ಮನವರು ಭರತನಾಟ್ಯ ಕಲಿಸುತ್ತಿದ್ದರು. ರೈಲು ತಡವಾದ ದಿನ ಭುವನಾ ಪ್ಲಾಟ್‌ಫಾರ್ಮಿನ ತುದಿಯ ಬೇವಿನ ಮರದ ಕೆಳಗೆ ನಾಟ್ಯದ ಹೆಜ್ಜೆಯಾದ ಅಡವು ಹಾಕುವುದನ್ನು ನಾನೇ ಎಷ್ಟೋ ಸಲ ನಿಂತು ನೋಡಿದ್ದೇನೆ. ಆ ಬೆಳಗುಗಳ ಬಿಸಿಲು ಇಂದಿಗೂ ನನ್ನ ಕಣ್ಣಿನಲ್ಲಿದೆ.

ಜರ್ಮನಿಯ ಹೋಟೆಲಿನಲ್ಲಿ ಅಡುಗೆಯವನಾಗಿದ್ದ ಹುಡುಗನೊಡನೆ ಮದುವೆ ಅವಸರದಲ್ಲಿ ನಿಶ್ಚಯವಾಯಿತು. ಪಾಠವಿನ್ನೂ ಮುಗಿದಿರಲಿಲ್ಲ. ಗುರುಗಳು ಬೈಯುತ್ತಾರೆಂದು ಹೆದರಿ, ಹೇಳದೆಯೇ ಹೊರಟುಬಿಟ್ಟಳು. ಅಲ್ಲಿ ಊರಿನ ಗ್ರಂಥಾಲಯದ ಸಭೆಯೊಂದರಲ್ಲಿ ಕುಣಿದಳು. ನೋಡಿದ ತಾಯಂದಿರು ತಮ್ಮ ಮಕ್ಕಳನ್ನು ಕರೆತಂದರು. ಹೀಗೆ ಭುವನಾ ಟೀಚರ್ ಆದಳು.

ಆದರೆ ಗಂಗಲಕ್ಷ್ಮಮ್ಮನವರ ಪದ್ಧತಿಯೊಂದಿತ್ತು. ಅವರ ಶಿಷ್ಯರು ಯಾರಿಗೇ ಕಲಿಸಲಿ, ಮೊದಲ ಗೆಜ್ಜೆಯನ್ನು ಅವರು ಮುಟ್ಟಿ ಕೊಡಬೇಕು. ಭುವನಾಳ ಮಕ್ಕಳು ಇಷ್ಟು ವರ್ಷವೂ ಗೆಜ್ಜೆಯಿಲ್ಲದೆಯೇ ಕುಣಿದಿದ್ದರು.

ನಾವು ಹೋದಾಗ, ನನ್ನನ್ನು ಮೊದಲಿನಿಂದ ಬಲ್ಲ ಆ ಮುದುಕಿ ಕಂಬಕ್ಕೊರಗಿ ಚಾಪೆಯ ಮೇಲೆ ಕುಳಿತಿದ್ದರು. ಭುವನಾ ಕಾಲಿಗೆರಗಿದಳು.

"ಯಾರು ಮೇಷ್ಟ್ರೇ ಇವ್ಳು? ನಿಮ್ಮ ಮಗ್ಳಾ?"

"ನಾನು ಭುವನಾ ಅಮ್ಮಾ."

"ಭುವನಾ ಅಂತ ಒಬ್ಳಿದ್ಲು. ಏಳ್ದೆ ಕೇಳ್ದೆ ಪ್ಲೇನ್ ಅತ್ತಿ ಓಗ್ಬಿಟ್ಲು."

ತನ್ನ ಮಕ್ಕಳು ಇನ್ನೂ ಗೆಜ್ಜೆ ಕಟ್ಟಿಲ್ಲವೆಂದು ಭುವನಾ ತಲೆ ತಗ್ಗಿಸಿಯೇ ಹೇಳಿದಳು. ಮೆಲ್ಲಗೆ ಗೆಜ್ಜೆಯ ಚೀಲವನ್ನು ಮುಂದಿಟ್ಟಳು. ಅವರು ಅದರತ್ತ ನೋಡಲೂ ಇಲ್ಲ.

"ಗೆಜ್ಜೆ ಇಲ್ದೆ ಮಕ್ಳು ತಾಳ ತಪ್ಪಿದ್ದು ಎಂಗ್ ಗೊತ್ತಾಯ್ತೈತೆ ನಿಂಗೆ?"

"ಅಲ್ಲಿ ಚಳಿ ಅಮ್ಮಾ. ಮಕ್ಳು ಸಾಕ್ಸ್ ಆಕ್ಕೊಂಡೇ ಆಡ್ತವೆ, ಸದ್ದೇ ಬರಲ್ಲ. ಮರದ ನೆಲ. ನಾನು ಅಂಗೈ ಊರಿ ಕೂತ್ಕೊತೀನಿ. ಯಾವ ಕಾಲು ತಪ್ಪಿದ್ರೂ ಕೈಗೆ ಗೊತ್ತಾಯ್ತೈತೆ."

"ಸಾಕ್ಸಲ್ಲಿ ಭರತನಾಟ್ಯ! ಸಿವನೇ! ಇನ್ನೊಂದ್ಸಲ ಬಂದಾಗ ನಮ್ಮ ನಟರಾಜನಿಗೂ ಒಂದ್ ಜೊತೆ ಸಾಕ್ಸ್ ತಗೊಂಡ್ ಬಾ. ಅವನೂ ಪಾಪ, ಒಂದು ಕಾಲು ಎತ್ಕೊಂಡೇ ಅವ್ನೆ!"

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ.

"ಎದ್ದು ಕಾಲು ತಟ್ಟು," ಎಂದು ಬಾಗಿ, ನೆಲದ ಮೇಲೆ ಅಂಗೈ ಇಟ್ಟರು.

ಭುವನಾ ಸೆರಗು ಬಿಗಿದು ಅಡವು ಹಾಕಿದಳು. ಕಣ್ಣು ಮುಚ್ಚಿದ್ದ ಮುದುಕಿ ಕೊನೆಗೆ ಕೈ ತೆಗೆದು ಕೊಡವಿಕೊಂಡರು.

"ಸಿಮೆಂಟಲ್ಲಿ ಒಂದೂ ಗೊತ್ತಾಗಲ್ಲ ಕಣೇ. ಆದ್ರೆ ಕಿವಿ ಐತಲ್ಲ. ಎಡಗಾಲು ಸೋಂಬೇರಿ. ಆಗ್ಲೂ ಅಂಗೇ, ಈಗ್ಲೂ ಅಂಗೇ."

ಭುವನಾಳ ಕಣ್ಣು ತುಂಬಿತು. ಗಂಗಲಕ್ಷ್ಮಮ್ಮನವರು ಚೀಲವನ್ನು ತಮ್ಮೆಡೆಗೆ ಎಳೆದುಕೊಂಡು, ಒಂದು ಜೊತೆ ಗೆಜ್ಜೆಯನ್ನು ಮಡಿಲಿಗೆ ಹಾಕಿಕೊಂಡರು.

"ಇದು ಯಾವ ಮಗೂದು?"

"ಯೊಹಾನಾ ಅಂತ ಅಮ್ಮಾ."

"ಎಂಗೆ ಅವ್ಳು?"

"ಕಣ್ಣು ಚೆನ್ನಾಗಿ ಆಡ್ತೈತೆ. ಮಂಡಿ ಮಾತ್ರ ಬಗ್ಗಲ್ಲ."

"ನೀನೂ ಬಗ್ಗಿಸ್ತಿರ್ಲಿಲ್ಲ. ಇದು?"

"ಲೀನಾದು. ಬಾಯಿ ಮುಚ್ಚಲ್ಲ ಅಮ್ಮಾ, ತಾಳದ ಮಧ್ಯೆನೂ ಮಾತು."

"ಅಂಥವ್ಳು ಒಬ್ಳು ನಂಗೂ ಇದ್ಲು. ಅವ್ಳ ಕತೆ ಏಳ್ತೀನಿ ಕೇಳು."

ನಾವು ಹಿಡಿಯಬೇಕಾಗಿದ್ದ ಬಸ್ಸು ಬೀದಿಯ ತಿರುವಿನಲ್ಲಿ ಹಾರ್ನ್ ಮಾಡುತ್ತ ಹೋಯಿತು. ಇಬ್ಬರೂ ಟೀಚರುಗಳು ಅತ್ತ ತಿರುಗಿಯೂ ನೋಡದೆ, ತಮ್ಮ ತಮ್ಮ ಮಕ್ಕಳ ಮೇಲೆ ದೂರು ಹೇಳಿಕೊಳ್ಳುತ್ತ ಕುಳಿತಿದ್ದರು.