ಎ.ಸಿ. ಕೋಣೆಯ ಫೈರ್ ಬ್ಲಾಂಕೆಟ್

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮರಾಠಿ ಸೀಮೆಯ ರಾಂಜಣಗಾಂವದ ಒಂದು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿದ್ದೆ. ಮನೆಯಿದ್ದ ನಿಗಡಿಯಿಂದ ಕಂಪನಿ ಬಸ್ಸಿನಲ್ಲಿ ತೂಕಡಿಸುತ್ತ ಹೋಗಿ ತೂಕಡಿಸುತ್ತ ಬರುವ ಕೆಲಸ. ನಡುವೆ ನಿದ್ದೆ ಮಾಡುವ ಹಕ್ಕು ನಮ್ಮ ಸಾಹೇಬರಿಗೆ ಮಾತ್ರ ಇತ್ತು. ಲ್ಯಾಬಿನ ಮುಖ್ಯಸ್ಥರಾದ ಅವರು ಧಾರವಾಡದ ಕಡೆಯವರು. ನಾನು ವಿಜಾಪುರದವಳೆಂದು ತಿಳಿದ ದಿನದಿಂದ 'ತಂಗಿ' ಎನ್ನುತ್ತಿದ್ದರು. ಹಾಗೆಂದು ಕೆಲಸವೇನೂ ಕಡಿಮೆ ಕೊಡಲಿಲ್ಲ.

ಬಾಗಿಲ ಪಕ್ಕದ ಗೋಡೆಗೆ ಕೆಂಪು ಚೀಲವೊಂದು ತೂಗುತ್ತಿತ್ತು. ಅದರೊಳಗೆ ಗಾಜಿನ ನೂಲಿನಿಂದ ನೇಯ್ದ ಫೈರ್ ಬ್ಲಾಂಕೆಟ್. ಅಂಚಿನ ಮಡಿಕೆಯಲ್ಲಿ ಕೈ ಮುಚ್ಚಿಕೊಂಡು ಹಿಡಿಯಬೇಕು, ಮೈಗೆ ಅಡ್ಡ ಮಾಡಿಕೊಂಡು ಹೋಗಿ ಬೆಂಕಿಯ ಮೇಲೆ ನಿಧಾನ ಹೊದಿಸಬೇಕು ಎಂದು ಸೇಫ್ಟಿ ಆಫೀಸರು ನಮ್ಮನ್ನೆಲ್ಲ ಕೂರಿಸಿ ಹೇಳಿಕೊಟ್ಟಿದ್ದರು. "ಝಾಕಾ, ಮಗ ಹಾತ ಲಾವೂ ನಕಾ" ಎಂದು ಮರಾಠಿಯಲ್ಲಿ ಮುಗಿಸಿದ್ದರು: ಮುಚ್ಚಿ, ಆಮೇಲೆ ಮುಟ್ಟಬೇಡಿ. ಮುಂದಿನ ಸಾಲಿನಲ್ಲಿದ್ದ ಸಾಹೇಬರು ತಲೆಯಾಡಿಸಿದರು. ಅದು ಒಪ್ಪಿಗೆಯೋ ತೂಕಡಿಕೆಯೋ ಹೇಳುವುದು ಕಷ್ಟ.

ಸ್ವಲ್ಪ ದಿನದಲ್ಲೇ ಚೀಲ ಚಪ್ಪಟೆಯಾಯಿತು. ಊಟವಾದ ಮೇಲೆ ಸಾಹೇಬರು ಯಂತ್ರಗಳಿದ್ದ ಎ.ಸಿ. ಕೋಣೆಯಲ್ಲಿ ಬ್ಲಾಂಕೆಟ್ಟನ್ನು ಕಾಲ ಮೇಲೆ ಹೊದ್ದು ಕುರ್ಚಿಯಲ್ಲೇ ಮಲಗುತ್ತಿದ್ದರು. ಎದ್ದ ಮೇಲೆ ಸಂಜೆತನಕ ಮೊಣಕಾಲು ಕೆರೆದುಕೊಳ್ಳುತ್ತಿದ್ದರು.

"ಸರ್, ಅದು ಗ್ವಾಡಿ ಮ್ಯಾಲ ಇರಬೇಕ್ರಿ," ಎಂದೆ.

"ಗ್ವಾಡಿಗೇನು ಥಂಡಿ ಹತ್ತತದೇನು ತಂಗಿ?"

ಒಂದು ಮಧ್ಯಾಹ್ನ ಹಾಟ್‌ಪ್ಲೇಟ್ ಕೆಟ್ಟು, ಬೀಕರಿನಲ್ಲಿ ಕಾಯಿಸುತ್ತಿದ್ದ ಅಗಸೆ ಎಣ್ಣೆಗೆ ಬೆಂಕಿ ಹತ್ತಿತು. ಗೋಡೆಯ ಸ್ವಿಚ್ ಆರಿಸಿ, ಎ.ಸಿ. ಕೋಣೆಗೆ ಓಡಿ, ಸಾಹೇಬರ ಮೇಲಿದ್ದ ಬ್ಲಾಂಕೆಟ್ಟನ್ನು ಎಳೆದೆ. ನಿದ್ದೆಗಣ್ಣಲ್ಲಿ ಅವರೂ ಎಳೆದರು.

"ಬಿಡ್ರಿ ಸರ್, ಬೆಂಕಿ ಹತ್ಯದ."

"ಎಲ್ಲಿ?"

"ನಿಮಗ ಅಲ್ರಿ, ಎಣ್ಣಿಗೆ."

ಕೈಗಳನ್ನು ಮಡಿಕೆಯೊಳಗೆ ಮುಚ್ಚಿಕೊಂಡು, ಬೀಕರಿನ ಮೇಲೆ ನನ್ನ ಕಡೆಯಿಂದ ಆಚೆಗೆ ಹೊದಿಸಿದೆ. ಬೆಂಕಿ ಅಡಗಿತು. ಅಷ್ಟರಲ್ಲಿ ಹಿಂದಿನಿಂದ ಬಂದ ಸಾಹೇಬರು, "ಆರ್ಯದೇನು ನೋಡೂಣು," ಎಂದು ಅಂಚನ್ನೆತ್ತಿ ಬಗ್ಗಿದರು. ಗಾಳಿ ಸಿಕ್ಕಿದ್ದೇ ತಡ, ಕುದಿಯುವ ಎಣ್ಣೆ ಮತ್ತೆ ಭಗ್ಗೆಂದಿತು. ಅಂಚು ಅವರ ಕೈಯಿಂದ ಜಾರಿ ತಾನಾಗಿಯೇ ಮುಚ್ಚಿಕೊಂಡಿತು. ಸುಟ್ಟ ಕೂದಲಿನ ವಾಸನೆ.

ತಣ್ಣಗಾಗುವತನಕ ಇಬ್ಬರೂ ದೂರ ಕೂತು ಕಾದೆವು. ಅವರು ಒದ್ದೆ ಕರವಸ್ತ್ರವನ್ನು ಮೂಗಿನ ಕೆಳಗೆ ಹಿಡಿದಿದ್ದರು.

"ತಂಗಿ, ಮೀಸಿ ಎಷ್ಟು ಹೋಗ್ಯದ?"

"ಎಡಗಡೀದು ಅಷ್ಟರೀ."

ಬಲಗಡೆ ಮುಟ್ಟಿ ನೋಡಿಕೊಂಡು, "ಹಂಗಾರ ಬಲಗಡೀದು ಅದ," ಎಂದರು. ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು, ತುಟಿ ಉರಿಯಿತೆಂದು ತಕ್ಷಣ ನಿಲ್ಲಿಸಿದರು.

ಒಮ್ಮೆ ಬಳಸಿದ್ದನ್ನು ಮತ್ತೆ ಬಳಸಬಾರದೆಂದು ಸೇಫ್ಟಿ ಆಫೀಸರು ಹೊಸದನ್ನು ತಂದು ನೇತುಹಾಕಿದರು. ಅದಕ್ಕೆ ಸಾಹೇಬರು ಕೈ ಹಚ್ಚಲಿಲ್ಲ. ಮರುವಾರ ಮನೆಯಿಂದ ಹೊದೆಯಲು ಕೌದಿ ತಂದುಕೊಂಡರು.