ಶುಗರ್ ಲ್ಯಾಂಡಿನ ಮಹಡಿಗೆ ಒಂದು ವೈರ್‌ಲೆಸ್ ಕಾರ್ಡು

2003ರಲ್ಲಿ ನಾನು ಹ್ಯೂಸ್ಟನ್ನಿನ ಕಂಪನಿಯೊಂದರಲ್ಲಿ ನೆಟ್‌ವರ್ಕ್ ಸಪೋರ್ಟ್ ಎಂಜಿನಿಯರ್ ಆಗಿದ್ದೆ. ವೈರ್‌ಲೆಸ್ ಇನ್ನೂ ಹೊಸದು. ಬಹಳಷ್ಟು ಲ್ಯಾಪ್‌ಟಾಪುಗಳಿಗೆ ಕಾರ್ಡನ್ನು ಬೇರೆಯಾಗಿ ಕೊಂಡು ಪಕ್ಕದ ಸ್ಲಾಟಿಗೆ ಹಾಕಬೇಕಿತ್ತು.

ಸಹೋದ್ಯೋಗಿ ಶೈಲಜಾ ಆಗ ಆರು ತಿಂಗಳ ಗರ್ಭಿಣಿ. ಹೆರಿಗೆಯವರೆಗೂ ಮಹಡಿಯ ಕೋಣೆಯಿಂದ ಇಳಿಯಬಾರದೆಂದು ಡಾಕ್ಟರ್ ಹೇಳಿದ್ದರು. ಸೋಮವಾರದಿಂದ ಮನೆಯಿಂದಲೇ ಕನೆಕ್ಟ್ ಆದರೆ ಸರಿ, ಇಲ್ಲದಿದ್ದರೆ ಆ ಕೆಲಸಕ್ಕೆ ಬೇರೆಯವರನ್ನು ಹುಡುಕಿಕೊಳ್ಳುತ್ತೇವೆ ಎಂದಿದ್ದರು ಮ್ಯಾನೇಜರ್. ಗಂಡ ಹೆಂಡತಿ ಇಬ್ಬರ ವೀಸಾವೂ ಆಕೆಯ ಕೆಲಸವನ್ನೇ ನೆಚ್ಚಿಕೊಂಡಿತ್ತು. ಬಾಡಿಗೆ ಮನೆ, ಗೋಡೆ ಕೊರೆದು ಕೇಬಲ್ ಎಳೆಯುವಂತಿರಲಿಲ್ಲ.

ಗಂಡ ಗಿರೀಶ ಡಲ್ಲಾಸ್, ಆಸ್ಟಿನ್ನಿನ ಗೆಳೆಯರನ್ನೆಲ್ಲ ಕೇಳಿ, ಆಗ ಸಿಗುತ್ತಿದ್ದ ಬಗೆಗಳಲ್ಲಿ 54 ಮೆಗಾಬಿಟ್ ವೇಗದ 'ಎ' ಕಾರ್ಡೇ ಬೇಕೆಂದರು. ನಾನು 11 ಮೆಗಾಬಿಟ್‌ನ 'ಬಿ' ಸಾಕೆಂದೆ. 'ಎ' ವೇಗದ್ದು, ಆದರೆ ಗೋಡೆ ದಾಟುವಾಗ ಬೇಗ ಸೋಲುತ್ತದೆ. ಕೊನೆಗೆ ನಮ್ಮವರ ಪದ್ಧತಿಯಂತೆ ಎರಡನ್ನೂ ಕೊಂಡರು. ಬೇಡದ್ದನ್ನು ಅಂಗಡಿಗೆ ವಾಪಸ್ ಕೊಟ್ಟರಾಯಿತು.

ಶನಿವಾರ ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನಲ್ಲಿದ್ದ ಅವರ ಮನೆಗೆ ಹೋದೆ. ಮಹಡಿಯಲ್ಲಿ ಎರಡು ಕಾರ್ಡೂ ಸಿಗ್ನಲ್ ಹಿಡಿಯಲಿಲ್ಲ. ಲ್ಯಾಪ್‌ಟಾಪನ್ನು ಅಡುಗೆಮನೆಗೆ ತಂದರೆ ಎರಡೂ ಕೆಲಸ ಮಾಡಿದವು. ಹಾಗಾದರೆ ತೊಂದರೆ ಕಾರ್ಡಿನದಲ್ಲ. ಎರಡೂ ಬಗೆಯ ಸಿಗ್ನಲ್ ಕಳಿಸುವ ರೂಟರ್ ಎಲ್ಲಿದೆ ಎಂದು ಕೇಳಿದೆ. ಇಂಟರ್ನೆಟ್ ಬರುವ ಫೋನ್ ಲೈನ್ ಅಡುಗೆಮನೆಗೆ ಅಂಟಿಕೊಂಡ ಉಗ್ರಾಣದಲ್ಲಿ, ಅಂದರೆ ಪ್ಯಾಂಟ್ರಿಯಲ್ಲಿ, ಇದ್ದದ್ದರಿಂದ ಅಲ್ಲೇ ಇಟ್ಟಿದ್ದರಂತೆ.

ಬಾಣಂತನಕ್ಕೆಂದು ಹುಬ್ಬಳ್ಳಿಯಿಂದ ಬಂದಿದ್ದ ಶೈಲಜಾರ ತಾಯಿ ಸಂಕೋಚದಿಂದ ಹೇಳಿದರು: "ತಮ್ಮಾ, ಅದರ ಮುಂದ ನಾನು ಡಬ್ಬಿ ಜೋಡಿಸೀನಿ. ಅದಕ್ಕೇನರ ತ್ರಾಸ ಆತೇನಪಾ?"

ಬಾಣಂತಿಯ ಉಂಡೆಗೆಂದು ತಂದ ಅಂಟು, ಉತ್ತತ್ತಿ, ಒಣಕೊಬ್ಬರಿ ತುಂಬಿದ ಸ್ಟೀಲ್ ಡಬ್ಬಿಗಳು ಒಂದರ ಮೇಲೊಂದು ನಿಂತಿದ್ದವು. ಲೋಹ ರೇಡಿಯೊ ಅಲೆಗಳನ್ನು ತಡೆಯುತ್ತದೆ.

"ಡಬ್ಬಿ ಅಲ್ಲ ಅತ್ತಿ, ಕೋಟೆನ ಕಟ್ಟೀರಿ," ಎಂದರು ಗಿರೀಶ.

ಡಬ್ಬಿ ಸರಿಸಿ, ರೂಟರನ್ನು ಮೇಲಿನ ಶೆಲ್ಫಿಗೆ ಏರಿಸಿದೆವು. ಮಹಡಿಯಲ್ಲಿ 'ಎ' ಆಗಲೂ ಹಿಡಿಯಲಿಲ್ಲ. 'ಬಿ' ಹಿಡಿಯಿತು. "ಬಂತ್ರಿ, ಆಫೀಸ್ ಮೇಲ್ ಬಂತ್ರಿ," ಎಂದು ಶೈಲಜಾ ಮಲಗಿದಲ್ಲಿಂದಲೇ ಕೂಗಿದರು. ಸೋಮವಾರ ಎಲ್ಲರಿಗಿಂತ ಮೊದಲು ಲಾಗಿನ್ ಆದವರು ಅವರೇ. ಕೆಲಸ ಉಳಿಯಿತು, ಮಗಳು ತಿಂಗಳು ತುಂಬಿಯೇ ಹುಟ್ಟಿದಳು.

ಯಂತ್ರ ಆರಿಸುವ ಮೊದಲು ಅದು ಇರುವ ಮನೆಯನ್ನು ನೋಡಬೇಕೆಂದು ನನಗೆ ಕಲಿಸಿದ್ದು ಆ ಪ್ಯಾಂಟ್ರಿ. ಡಬ್ಬಿಗಳನ್ನು ಸರಿಸಿದ್ದು ನಾನೇ ಎಂದು ನನ್ನ ನೆನಪು. ಇಲ್ಲ, ಅಮ್ಮನೇ ಎನ್ನುತ್ತಾರೆ ಶೈಲಜಾ. ಅವರದೇ ನಿಜವಿರಬಹುದು. ಊರಿಗೆ ಹೊರಡುವ ಮುಂಚೆ ಆ ತಾಯಿ ಆ ಡಬ್ಬಿಗಳಲ್ಲೊಂದರ ತುಂಬ ಅಂಟಿನ ಉಂಡೆ ಕೊಟ್ಟಿದ್ದರು. ಇದಕ್ಕೆ ನೆನಪನ್ನು ನಂಬಬೇಕಿಲ್ಲ. ಡಬ್ಬಿ ನಮ್ಮ ಅಡುಗೆಮನೆಯಲ್ಲೇ ಇದೆ, ರೂಟರಿನಿಂದ ದೂರದಲ್ಲಿ.