ನಾನು ವಾಪಸ್ ಪಡೆದ ಪ್ರಬಂಧ

ನನಗೆ ಗಣಿತದ ಹುಚ್ಚು ಹಿಡಿಸಿದವರು ನ್ಯಾಮತಿಯಲ್ಲಿ ಪಿಯುಸಿಗೆ ಪಾಠ ಮಾಡುತ್ತಿದ್ದ ಲೆಕ್ಚರರ್ ಒಬ್ಬರು. ನಾನು ಸವಳಂಗದಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದೆ. ಅಪ್ಪ, ಅವ್ವ ಇಬ್ಬರೂ ಕೂಲಿಗೆ ಹೋಗುವವರು. ಉತ್ತರ ಸರಿಯಿದ್ದರೂ ಕಾರಣ ಬರೆಯದಿದ್ದರೆ ಸಾರ್ ಮಾರ್ಕ್ಸ್ ಕೊಡುತ್ತಿರಲಿಲ್ಲ. ಆ ಹಟವೇ ನನ್ನನ್ನು ದಾವಣಗೆರೆಯ ಎಂ.ಎಸ್ಸಿ. ದಾಟಿಸಿ ಫಿನ್ಲೆಂಡಿನ ಪಿಎಚ್.ಡಿ.ವರೆಗೆ ಒಯ್ದಿತು.

ಆಮೇಲೆ ಪೋರ್ಚುಗಲ್, ಕೆನಡಾ. ಎಲ್ಲ ಕಡೆಯೂ ಎರಡು ಮೂರು ವರ್ಷದ ತಾತ್ಕಾಲಿಕ ಹುದ್ದೆ. ಹೋದ ಊರಿನಲ್ಲೆಲ್ಲ ಹಾಸಿಗೆ, ಪಾತ್ರೆ ಹೊಸದಾಗಿ ಕೊಳ್ಳುವುದು, ಹೊರಡುವಾಗ ಯಾರಿಗಾದರೂ ಕೊಟ್ಟುಬಿಡುವುದು. ಕೆನಡಾದಲ್ಲಿದ್ದಾಗ ಗಣಿತದ ಪತ್ರಿಕೆಯೊಂದರಲ್ಲಿ ನನ್ನದೊಂದು ಪ್ರಬಂಧ ಪ್ರಕಟವಾಯಿತು. ಸಂಖ್ಯೆಗಳ ಬಗೆಗಿನ ಹಳೆಯ ಪ್ರಶ್ನೆಯೊಂದಕ್ಕೆ ಉತ್ತರ ಸಿಕ್ಕಿತೆಂದು ಅಲ್ಲಿ ಇಲ್ಲಿ ಉಪನ್ಯಾಸಕ್ಕೆ ಕರೆದರು. ಕಾಯಂ ಕೆಲಸದ ಮಾತೂ ಬಂತು. ಸಾರ್‌ಗೆ ಒಂದು ಪ್ರತಿಯನ್ನು ಅಂಚೆಯಲ್ಲಿ ಕಳಿಸಿದೆ.

ಒಂದೂವರೆ ವರ್ಷ ಕಳೆದ ಮೇಲೆ ಪರಿಚಯವಿಲ್ಲದ ವಿದ್ಯಾರ್ಥಿನಿಯೊಬ್ಬಳ ಈಮೇಲ್ ಬಂತು. ತುಂಬ ವಿನಯದಿಂದ ಒಂದೇ ಒಂದು ಸಾಲಿನ ಬಗ್ಗೆ ಕೇಳಿದ್ದಳು. ಓದಿದ ಕೂಡಲೇ ಆ ಸಾಲು ತಪ್ಪೆಂದು ತಿಳಿಯಿತು. ತಪ್ಪು ಸರಿಪಡಿಸಲು ಒಂದಿಡೀ ಚಳಿಗಾಲ ಹೆಣಗಿದೆ. ಆಗಲಿಲ್ಲ. ತಪ್ಪಿದೆಯೆಂದು ಪತ್ರಿಕೆಗೆ ಬರೆದು ಪ್ರಬಂಧವನ್ನು ವಾಪಸ್ ಪಡೆದೆ. ಕಾಯಂ ಕೆಲಸದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಸಾರ್‌ಗೆ ತಿಳಿಸಲು ನನಗೆ ಧೈರ್ಯ ಬರಲಿಲ್ಲ.

ಹೋದ ವರ್ಷ ಊರಿಗೆ ಬಂದಾಗ ಚನ್ನಗಿರಿಗೆ ಹೋದೆ. ನಿವೃತ್ತರಾದ ಮೇಲೆ ಸಾರ್ ಅಲ್ಲಿ ಮನೆ ಮಾಡಿದ್ದರು.

"ಬಾರವ್ವ, ಕುಂದ್ರು. ನಿನ್ನೇ ಕಾಯ್ತಿದ್ದೆ," ಎನ್ನುತ್ತಲೇ ಉದ್ದನೆಯ ನೋಟ್‌ಬುಕ್ ಒಂದನ್ನು ತೆಗೆದು ಮುಂದಿಟ್ಟರು. ನನ್ನ ಪ್ರಬಂಧವನ್ನು ಕೈಯಲ್ಲೇ ನಕಲು ಮಾಡಿ, ಪ್ರತಿ ಸಾಲಿನ ಕೆಳಗೂ ಕೆಂಪು ಶಾಯಿಯಲ್ಲಿ ಕಾರಣ ಬರೆದಿದ್ದರು. ಅರ್ಥವಾಗದ ಕಡೆ ಶಿವಮೊಗ್ಗದಿಂದ ಪುಸ್ತಕ ತರಿಸಿ ಓದಿಕೊಂಡಿದ್ದರಂತೆ. ಒಂಬತ್ತನೆಯ ಪುಟದ ನಡುವೆ ಬರವಣಿಗೆ ನಿಂತುಹೋಗಿತ್ತು.

"ಇಲ್ಲಿ ಸಿಕ್ಕಾಕ್ಕೊಂಡೀನಿ ನೋಡು. ಒಂದೊಂದು ಸಂಖ್ಯೆಗೂ ಒಂದೊಂದು ಮಿತಿ ಐತೆ, ಸರಿ. ಎಲ್ಲಕ್ಕೂ ಸೇರಿಸಿ ಒಂದೇ ಮಿತಿ ಹೆಂಗೆ ಬಂತು? ಎರಡು ವರ್ಷ ಆತು, ನನ್ನ ತಲೆಗೇ ಹತ್ತವಲ್ದು."

"ಬರಲ್ಲ ಸಾರ್. ಅಲ್ಲೇ ನಾನು ತಪ್ಪು ಮಾಡಿರೋದು."

ಸಾರ್ ನಕ್ಕರು. "ಮುದುಕಂಗೆ ಬೇಜಾರಾಗ್ತೈತೆ ಅಂತ ಹಂಗೆಲ್ಲ ಹೇಳಬ್ಯಾಡ. ನಂಗೆ ತಿಳೀಲಿಲ್ಲ, ಅದಕ್ಕೇನೀಗ? ನೀನು ಬಿಡಿಸಿ ಹೇಳು."

ಪ್ರಬಂಧ ವಾಪಸ್ ಪಡೆದ ಬಗ್ಗೆ ಪತ್ರಿಕೆ ಹಾಕಿದ್ದ ಪ್ರಕಟಣೆಯನ್ನು ಮೊಬೈಲಿನಲ್ಲಿ ತೆಗೆದು ಕೊಟ್ಟೆ. ಎರಡೇ ವಾಕ್ಯ. ಕನ್ನಡಕ ಒರೆಸಿಕೊಂಡು ಮತ್ತೆ ಮತ್ತೆ ಓದಿದರು.

"ನೀವೇ ಮೊದಲು ಕಂಡಿದ್ದು ಸಾರ್. ದೊಡ್ಡ ದೊಡ್ಡೋರಿಗೂ ಗೊತ್ತಾಗಿರಲಿಲ್ಲ."

"ಕಂಡು ಏನು ಮಾಡಾದೈತೆ." ನೋಟ್‌ಬುಕ್ ಮುಚ್ಚಿದರು. "ಹೊನ್ನಾಳಿ, ಜಗಳೂರು ಕಾಲೇಜಿಗೆಲ್ಲ ಹೋಗಿ ಹುಡುಗ್ರಿಗೆ ನಿನ್ನ ಬಗ್ಗೆ ಹೇಳಿ ಬಂದೀನಿ."

ಶಿಷ್ಯೆ ತಮ್ಮನ್ನು ಮೀರಿ ಬೆಳೆದಳೆಂದು ಇಷ್ಟು ದಿನ ತಮ್ಮನ್ನೇ ದಡ್ಡರೆಂದುಕೊಂಡಿದ್ದುದರಲ್ಲಿ ಅವರಿಗೊಂದು ಸಂತೋಷವಿತ್ತು. ಅದನ್ನು ನಾನೇ ಕಿತ್ತುಕೊಂಡಿದ್ದೆ.

"ಈಗ ಕೆಲಸ?"

"ಮುಗೀತು ಸಾರ್. ಈಗ ಅಲ್ಲೇ ನರ್ಸಿಂಗ್ ಓದೋರಿಗೆ ಭಿನ್ನರಾಶಿ, ಶೇಕಡಾ ಹೇಳಿಕೊಡ್ತೀನಿ. ಔಷಧಿ ಅಳತೆ ಮಾಡಾಕೆ ಬೇಕಾಗ್ತೈತಲ್ಲ."

"ಅವ್ವಂಗೆ ಗೊತ್ತೈತಾ?"

"ಇಲ್ಲ."

"ಹೇಳಬ್ಯಾಡ."

ಅವರ ಹೆಂಡತಿ ಮಂಡಕ್ಕಿ, ಚಹಾ ತಂದಿಟ್ಟರು. ಮೂವರೂ ಬಿಸಿಲಿನ ಬಗ್ಗೆ ಮಾತಾಡಿದೆವು. ಹಿಂದೆ ನಾನು ಬಂದಾಗಲೆಲ್ಲ ಬಸ್ಸು ಹತ್ತಿಸಿ ಬರುತ್ತಿದ್ದ ಸಾರ್ ಅಂದು ಬಾಗಿಲಲ್ಲೇ ನಿಂತುಕೊಂಡರು.

ಸವಳಂಗದಲ್ಲಿ ನಾನು ಯಾರಿಗೂ ಏನೂ ಹೇಳಲಿಲ್ಲ. ಅವ್ವ ಪಕ್ಕದ ಮನೆಯವರನ್ನು ಕರೆದು, ಮಗಳು ಫಾರಿನ್ನಿನಲ್ಲಿ ದೊಡ್ಡ ಪ್ರೊಫೆಸರು ಎಂದಳು. ನಾನು ತಲೆ ಆಡಿಸಿದೆ.

ಕೆನಡಾಕ್ಕೆ ಮರಳಿದ ಮೇಲೆ ಸಾರ್‌ಗೆ ಫೋನ್ ಮಾಡಿದೆ. ಅವರ ಹೆಂಡತಿ ಎತ್ತಿದರು. "ಮನೇಲಿಲ್ಲವ್ವ, ಹೊರಗೆ ಹೋಗ್ಯಾರೆ," ಎಂದರು. ಹಿಂದಿನಿಂದ ಸಾರ್ ಯಾರಿಗೋ ಏನೋ ಹೇಳುತ್ತಿದ್ದುದು ಕೇಳಿಸುತ್ತಿತ್ತು. "ಆಮೇಲೆ ಮಾಡ್ತೀನಿ ಬಿಡ್ರಿ," ಎಂದು ಇಟ್ಟೆ. ಮತ್ತೆ ಮಾಡಲಿಲ್ಲ.